ಬೆಂಕಿ ಬಿದ್ದ ಕಾಡು ಸತ್ತೇ ಹೋಯಿತೇ? ನ್ಯೂಜೆರ್ಸಿಯ ಮರಳು ನೆಲದ ಪೈನ್ ಕಾಡಿನ ನಿಜ ಸಂಗತಿ

ಕಪ್ಪಗೆ ಸುಟ್ಟು ನಿಂತ ಪೈನ್ ಮರಗಳು, ನೆಲದ ತುಂಬ ಬೂದಿ, ಹಿಂದೆ ತೆಳ್ಳಗೆ ಹೊಗೆ. ಇಂಥ ಫೋಟೊ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರುತ್ತದೆ. ಜೊತೆಗಿರುವ ಬರಹ ಮಾತ್ರ ಒಂದೇ ರೀತಿ ಇರುವುದಿಲ್ಲ. ನಮಗೆ ಓದುಗರು ಪರಿಶೀಲನೆಗೆಂದು ಕಳಿಸುವ ಸಂದೇಶಗಳಲ್ಲಿ ಮುಖ್ಯವಾಗಿ ಎರಡು ಬಗೆ ಇವೆ. ಮೊದಲನೆಯದರ ಸಾರಾಂಶ: "ಇಡೀ ಕಾಡು ಬೂದಿಯಾಗಿದೆ, ಇನ್ನು ನೂರು ವರ್ಷ ಇಲ್ಲಿ ಹುಲ್ಲುಕಡ್ಡಿಯೂ ಹುಟ್ಟುವುದಿಲ್ಲ." ಎರಡನೆಯದು ಇದಕ್ಕೆ ತದ್ವಿರುದ್ಧ: "ಬೆಂಕಿ ಬಿದ್ದರೇ ಕಾಡು ಚೆನ್ನಾಗಿ ಬೆಳೆಯುವುದು, ಅಮೆರಿಕದಲ್ಲಿ ಸರ್ಕಾರವೇ ಕಾಡಿಗೆ ಬೆಂಕಿ ಹಚ್ಚುತ್ತದೆ, ನಮ್ಮಲ್ಲಿ ಮಾತ್ರ ಸುಮ್ಮನೆ ಗಲಾಟೆ."

ಮೊದಲನೆಯದು ಜನರನ್ನು ಹೆದರಿಸುತ್ತದೆ. ಎರಡನೆಯದು ಬುದ್ಧಿವಂತರ ಮಾತಿನಂತೆ ಕೇಳುತ್ತದೆ, ಅದಕ್ಕೇ ನಮಗೆ ಅದರ ಬಗ್ಗೆ ಹೆಚ್ಚು ಚಿಂತೆ. ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಏನೆಂದು ತಿಳಿಯಲು ನಾವು ಒಂದೇ ಒಂದು ಕಾಡನ್ನು ಹತ್ತಿರದಿಂದ ನೋಡೋಣ. ಅದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಪೈನ್ ಬ್ಯಾರೆನ್ಸ್. ಆ ರಾಜ್ಯದಲ್ಲಿ ಕನ್ನಡಿಗರು ಸಾಕಷ್ಟು ಸಂಖ್ಯೆಯಲ್ಲಿದ್ದಾರೆ. ನಿಮ್ಮ ಮಗನೋ ಅಕ್ಕನೋ ಅಲ್ಲಿದ್ದರೆ, ಅಟ್ಲಾಂಟಿಕ್ ಸಿಟಿಗೆ ಹೋಗುವಾಗ ಹೆದ್ದಾರಿಯ ಎರಡೂ ಬದಿಗೆ ಮುಗಿಯದಂತೆ ಕಾಣುವ ಕುಳ್ಳು ಪೈನ್ ಮರಗಳನ್ನು ಅವರು ನೋಡಿಯೇ ಇರುತ್ತಾರೆ.

ಈ ಕಾಡು ಎಲ್ಲಿದೆ, ಎಷ್ಟು ದೊಡ್ಡದು?

ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾದಂಥ ಮಹಾನಗರಗಳ ಪಕ್ಕದಲ್ಲೇ, ನ್ಯೂಜೆರ್ಸಿಯ ದಕ್ಷಿಣ ಭಾಗದಲ್ಲಿ ಈ ಕಾಡು ಹರಡಿದೆ. 1978ರಲ್ಲಿ ಅಮೆರಿಕದ ಸಂಸತ್ತು ಸುಮಾರು 11 ಲಕ್ಷ ಎಕರೆಯನ್ನು ಪೈನ್‌ಲ್ಯಾಂಡ್ಸ್ ರಾಷ್ಟ್ರೀಯ ಮೀಸಲು ಪ್ರದೇಶವೆಂದು ಘೋಷಿಸಿತು. ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನಕ್ಕಿಂತ ಇದು ಸುಮಾರು ಐದು ಪಟ್ಟು ದೊಡ್ಡದು. ಆದರೆ ಬಂಡೀಪುರದಂತೆ ಇಡೀ ಪ್ರದೇಶ ಸರ್ಕಾರಿ ಕಾಡಲ್ಲ. ಒಳಗೆ ಊರುಗಳಿವೆ, ಹಣ್ಣಿನ ತೋಟಗಳಿವೆ, ಲಕ್ಷಾಂತರ ಜನ ವಾಸವಾಗಿದ್ದಾರೆ. ಈ ಮಾತು ಮುಂದೆ ಬೇಕಾಗುತ್ತದೆ.

ಬ್ಯಾರೆನ್ಸ್ ಎಂದರೆ ಬಂಜರು ಎಂದೇ ಅರ್ಥ. ಯುರೋಪಿನಿಂದ ಬಂದು ನೆಲೆಸಿದವರು ಇಲ್ಲಿ ಗೋಧಿ ಬೆಳೆಯಲು ನೋಡಿದರು, ಆಗಲಿಲ್ಲ, ಬಂಜರೆಂದು ಹೆಸರಿಟ್ಟರು. ತಮ್ಮ ಬೆಳೆ ಬರಲಿಲ್ಲವೆಂದು ನೆಲಕ್ಕೆ ಬೈಗುಳದ ಹೆಸರು! ವಾಸ್ತವದಲ್ಲಿ ಇಲ್ಲಿ ಸುಮಾರು 850 ಜಾತಿಯ ಸಸ್ಯಗಳಿವೆ.

ಮಳೆ ಬಂದರೂ ಕಾಡು ಒಣಗುವುದೇಕೆ?

ಒಣ ಕಾಡು ಎಂದಕೂಡಲೇ ಮಳೆ ಕಡಿಮೆ ಎಂದುಕೊಳ್ಳುತ್ತೇವೆ. ಇಲ್ಲಿ ಹಾಗಿಲ್ಲ. ವರ್ಷಕ್ಕೆ ಸುಮಾರು 110 ಸೆಂಟಿಮೀಟರ್ ಮಳೆ ಬೀಳುತ್ತದೆ, ಅಂದರೆ ಬೆಂಗಳೂರಿಗಿಂತ ಕಡಿಮೆಯೇನಲ್ಲ. ಕಾರಣ ಇರುವುದು ನೆಲದಲ್ಲಿ.

ಲಕ್ಷಾಂತರ ವರ್ಷಗಳ ಹಿಂದೆ ಈ ಪ್ರದೇಶ ಸಮುದ್ರದ ಅಂಚಾಗಿತ್ತು. ಸಮುದ್ರ ಮುಂದೆ ಬಂದು ಹಿಂದೆ ಸರಿದು ದಪ್ಪನೆಯ ಮರಳಿನ ಪದರಗಳನ್ನು ಬಿಟ್ಟುಹೋಯಿತು. ಈ ಮರಳಿನ ಮೇಲೆ ಒಂದು ಕೊಡ ನೀರು ಸುರಿದರೆ ಜರಡಿಗೆ ಸುರಿದಂತೆ ಕ್ಷಣದಲ್ಲಿ ಒಳಕ್ಕಿಳಿಯುತ್ತದೆ. ಇಳಿಯುವಾಗ ಪೋಷಕಾಂಶಗಳನ್ನೂ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಬಡಕಲು, ಹುಳಿ ಗುಣದ ಮಣ್ಣು. ಆದ್ದರಿಂದ ಮಳೆ ನಿಂತ ಕೆಲವೇ ದಿನಗಳಲ್ಲಿ ಮೇಲ್ಪದರ ಬಿರುಸಾಗಿ ಒಣಗುತ್ತದೆ. ಬಿದ್ದ ಪೈನ್ ಎಲೆಗಳು, ಅಂದರೆ ಸೂಜಿಗಳು, ಇಂಥ ಹುಳಿ ನೆಲದಲ್ಲಿ ಬೇಗ ಕೊಳೆಯುವುದಿಲ್ಲ. ಅವು ಪದರ ಪದರವಾಗಿ ರಾಶಿ ಬೀಳುತ್ತವೆ. ಸೂಜಿಗಳಲ್ಲಿ ರಾಳ ಇರುವುದರಿಂದ ಕಿಡಿ ತಾಗಿದರೆ ಹಳ್ಳಿಯಲ್ಲಿ ಒಲೆ ಹೊತ್ತಿಸಲು ಇಡುವ ತೆಂಗಿನ ಗರಿಯಂತೆ ಭಗ್ಗನೆ ಹತ್ತಿಕೊಳ್ಳುತ್ತವೆ.

ಒಳಕ್ಕಿಳಿದ ನೀರು ಏನಾಯಿತು ಎಂದು ಕೇಳಬಹುದು. ಅದು ಕೆಳಗಿನ ಮರಳಿನ ಪದರದಲ್ಲೇ ಸಂಗ್ರಹವಾಗಿದೆ. ಕರ್ಕ್‌ವುಡ್-ಕೊಹ್ಯಾನ್ಸಿ ಎಂಬ ಈ ಅಂತರ್ಜಲ ಭಂಡಾರದಲ್ಲಿ 17 ಲಕ್ಷ ಕೋಟಿ ಗ್ಯಾಲನ್ ನೀರಿದೆ ಎಂಬ ಅಂದಾಜಿದೆ. ನಮ್ಮ ಲೆಕ್ಕಕ್ಕೆ ತಂದರೆ ತುಂಬಿದ ಕೆಆರ್‌ಎಸ್ ಜಲಾಶಯದ ಸುಮಾರು 45 ಪಟ್ಟು. ಮಳೆ ನೀರು ಸಲೀಸಾಗಿ ಇಳಿಯುವಂತೆ ಕೊಳೆಯೂ ಸಲೀಸಾಗಿ ಇಳಿಯುತ್ತದೆ. ಹೀಗಾಗಿ ಮೇಲಿನ ಕಾಡು ಉಳಿದರೆ ಮಾತ್ರ ಕೆಳಗಿನ ನೀರು ಶುದ್ಧವಾಗಿರುತ್ತದೆ. ಈ ಪ್ರದೇಶಕ್ಕೆ ಕಾನೂನಿನ ರಕ್ಷಣೆ ಸಿಕ್ಕಿದ್ದರಲ್ಲಿ ಈ ನೀರಿನ ಪಾತ್ರ ದೊಡ್ಡದು. ತಗ್ಗಿನಲ್ಲಿ ಈ ನೀರು ಹೊರಬಂದು ಹೊಳೆಯಾಗಿ ಹರಿಯುವಾಗ ಬ್ಲ್ಯಾಕ್ ಟೀ ಬಣ್ಣದಲ್ಲಿರುತ್ತದೆ. ಅದನ್ನು ನೋಡಿ ಕಾರ್ಖಾನೆ ಕೊಳಚೆ ಎಂದುಕೊಳ್ಳುವವರಿದ್ದಾರೆ. ಆ ಬಣ್ಣ ಮರಗಿಡಗಳ ಟ್ಯಾನಿನ್ ಮತ್ತು ನೆಲದ ಕಬ್ಬಿಣದಿಂದ ಬಂದದ್ದು.

ಸುಟ್ಟ ಮರ ಮತ್ತೆ ಚಿಗುರುವುದು ಹೇಗೆ?

ಈಗ ಮೊದಲನೇ ಫಾರ್ವರ್ಡ್‌ಗೆ ಬರೋಣ. ಕಪ್ಪಾದ ಮರ ಸತ್ತ ಮರವೇ?

ಪೈನ್ ಬ್ಯಾರೆನ್ಸ್‌ನ ಮುಖ್ಯ ಮರ ಪಿಚ್ ಪೈನ್, ವೈಜ್ಞಾನಿಕ ಹೆಸರು ಪೈನಸ್ ರಿಜಿಡಾ. ನೋಡಲು ಅಂಥ ಚೆಲುವೇನಿಲ್ಲ, ಸೊಟ್ಟ ಕೊಂಬೆ, ಒರಟು ತೊಗಟೆ. ಆದರೆ ಬೆಂಕಿಯ ವಿಷಯದಲ್ಲಿ ಇದರ ತಯಾರಿ ನೋಡಿದರೆ ಆಶ್ಚರ್ಯವಾಗುತ್ತದೆ.

ಮೊದಲು ತೊಗಟೆ. ಅದು ದಪ್ಪ, ಹಲಗೆ ಹಲಗೆಯಾಗಿ ಸೀಳಿರುತ್ತದೆ. ಮರದ ಜೀವ ಇರುವುದು ತೊಗಟೆಯ ಒಳಗಿನ ತೆಳುವಾದ ಹಸಿ ಪದರದಲ್ಲಿ. ಹೊರಗಿನ ತೊಗಟೆ ಇದ್ದಿಲಾದರೂ ಒಳಗಿನ ಆ ಪದರಕ್ಕೆ ಬಿಸಿ ತಲುಪದಿದ್ದರೆ ಮರ ಬದುಕಿರುತ್ತದೆ. ಫೋಟೊದಲ್ಲಿ ನಮಗೆ ಕಾಣುವುದು ಹೊರಗಿನ ಇದ್ದಿಲು ಮಾತ್ರ.

ಎರಡನೆಯದು ಇನ್ನೂ ವಿಶೇಷ. ಪೈನ್ ಜಾತಿಯ ಹೆಚ್ಚಿನ ಮರಗಳ ತಲೆ ಸುಟ್ಟರೆ ಅಥವಾ ಕಡಿದರೆ ಅಲ್ಲಿಗೆ ಕಥೆ ಮುಗಿಯಿತು, ಅವು ಮತ್ತೆ ಚಿಗುರುವುದಿಲ್ಲ. ಪಿಚ್ ಪೈನ್ ಇದಕ್ಕೆ ಅಪವಾದ. ಇದರ ಕಾಂಡದ ಉದ್ದಕ್ಕೂ ತೊಗಟೆಯ ಅಡಿಯಲ್ಲಿ ಮಲಗಿದ ಮೊಗ್ಗುಗಳಿರುತ್ತವೆ. ಸಾಮಾನ್ಯ ದಿನಗಳಲ್ಲಿ ಅವು ಏಳುವುದೇ ಇಲ್ಲ. ಬೆಂಕಿಗೆ ಮೇಲಿನ ಎಲೆಯೆಲ್ಲ ಹೋದ ಮೇಲೆ ಏಳುತ್ತವೆ. ವಸಂತದಲ್ಲಿ ಸುಟ್ಟ ಕಾಡಿಗೆ ಅದೇ ಬೇಸಿಗೆಯಲ್ಲಿ ಹೋದರೆ ಕಪ್ಪು ಕಾಂಡದಿಂದ ನೇರವಾಗಿ ಹಸಿರು ಸೂಜಿಗಳ ಗೊಂಚಲು ಹೊರಟಿರುವುದು ಕಾಣುತ್ತದೆ, ಕರಿ ಕಂಬಕ್ಕೆ ಯಾರೋ ಹಸಿರು ಬ್ರಷ್ ಸಿಕ್ಕಿಸಿದ ಹಾಗೆ. ಕಾಂಡವೂ ಪೂರ್ತಿ ಸತ್ತಿದ್ದರೆ ಬುಡದಿಂದ ಚಿಗುರು ಬರುತ್ತದೆ. ಎಳೆಯ ಪಿಚ್ ಪೈನ್ ಸಸಿಯ ಬುಡ ಸ್ವಲ್ಪ ಬಾಗಿ ನೆಲಕ್ಕೆ ತಾಗಿಕೊಂಡು ಬೆಳೆಯುತ್ತದೆ, ಹಾಗಾಗಿ ಅಲ್ಲಿನ ಮೊಗ್ಗುಗಳಿಗೆ ಮರಳೇ ಹೊದಿಕೆ. ಕಡಿದ ನೀಲಗಿರಿಯ ಬುಡ ಮತ್ತೆ ಮತ್ತೆ ಚಿಗುರುವುದನ್ನು ನಮ್ಮ ರೈತರು ಕಂಡಿದ್ದಾರಲ್ಲ, ಹೆಚ್ಚು ಕಡಿಮೆ ಹಾಗೆಯೇ.

ಮೂರನೆಯದು ಕಾಯಿ. ಇಲ್ಲಿ ಒಂದು ಉಪಮಿಥ್ಯೆಯನ್ನೂ ಬಿಡಿಸಬೇಕು. "ಈ ಮರದ ಬೀಜ ಬೆಂಕಿಯಲ್ಲಿ ಸುಟ್ಟರೆ ಮಾತ್ರ ಮೊಳೆಯುತ್ತದೆ" ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ಸುಟ್ಟ ಬೀಜ ಯಾವ ಮರದ್ದಾದರೂ ಸತ್ತ ಬೀಜವೇ. ನಡೆಯುವುದು ಬೇರೆ. ಕೆಲವು ಪಿಚ್ ಪೈನ್ ಮರಗಳ ಕಾಯಿಯ ಹಲ್ಲೆಗಳನ್ನು ರಾಳ ಅಂಟಿಸಿ ಮುಚ್ಚಿರುತ್ತದೆ, ಅರಗಿನ ಮುದ್ರೆ ಹಾಕಿದ ಹಳೇ ಕಾಲದ ಲಕೋಟೆಯಂತೆ. ಬೀಜ ಬಲಿತರೂ ಕಾಯಿ ತೆರೆಯದೆ ವರ್ಷಗಟ್ಟಲೆ ಮರದಲ್ಲೇ ಇರುತ್ತದೆ. ಬೆಂಕಿಯ ಶಾಖಕ್ಕೆ ರಾಳ ಕರಗಿ ಕಾಯಿ ಬಾಯಿ ಬಿಡುತ್ತದೆ. ಕಾಯಿಯ ದಪ್ಪ ಹಲ್ಲೆಗಳೇ ಆ ಹೊತ್ತಿನಲ್ಲಿ ಬೀಜವನ್ನು ಕಾಪಾಡುತ್ತವೆ. ಬೆಂಕಿ ದಾಟಿ ಹೋದ ಮೇಲೆ ರೆಕ್ಕೆಯಿರುವ ಬೀಜ ಗಾಳಿಯಲ್ಲಿ ಹಾರಿ ಬಂದು ಬೂದಿಯ ಮೇಲೆ ಬೀಳುತ್ತದೆ. ಅಲ್ಲಿ ಸೂಜಿಗಳ ದಪ್ಪ ರಾಶಿ ಈಗಿಲ್ಲ, ಬೇರು ನೇರವಾಗಿ ಮರಳಿಗಿಳಿಯಬಹುದು. ಮೇಲೆ ನೆರಳಿಲ್ಲ, ಬಿಸಿಲು ಧಾರಾಳ. ಬೆಂಕಿ ಬೀಜವನ್ನು ಮೊಳೆಸಲಿಲ್ಲ, ಅದಕ್ಕೆ ಜಾಗ ಮಾಡಿಕೊಟ್ಟಿತು.

"ಕೆಲವು ಮರಗಳ" ಎಂದೆವು, ಗಮನಿಸಿ. ಒಂದೇ ಜಾತಿಯ ಮರ, ಆದರೂ ಎಲ್ಲವೂ ಹೀಗಿಲ್ಲ. ಬೆಂಕಿ ಅಪರೂಪವಾಗಿರುವ ಕಡೆಗಳಲ್ಲಿ ಹೆಚ್ಚಿನ ಪಿಚ್ ಪೈನ್‌ಗಳು ಕಾಯಿ ಬಲಿತ ಮೇಲೆ ಬೆಂಕಿಗೆ ಕಾಯದೆ ತೆರೆದುಬಿಡುತ್ತವೆ. ಬೆಂಕಿ ಪದೇ ಪದೇ ಬೀಳುವ ಕಡೆ ಬಹುಪಾಲು ಮರಗಳದ್ದು ಮುದ್ರೆ ಹಾಕಿದ ಕಾಯಿ. ಇದರ ತುತ್ತತುದಿಯನ್ನು ಪೈನ್ ಪ್ಲೇನ್ಸ್ ಎಂಬ ಭಾಗದಲ್ಲಿ ಕಾಣಬಹುದು. ಸಾವಿರಾರು ಎಕರೆಗಳಷ್ಟು ಹರಡಿರುವ ಇಲ್ಲಿ ಪೂರ್ತಿ ಬೆಳೆದ ಮರದ ಎತ್ತರ ಆಳೆತ್ತರಕ್ಕಿಂತ ತುಸು ಹೆಚ್ಚು, ಅಷ್ಟೇ. ರಸ್ತೆಯಲ್ಲಿ ನಿಂತರೆ ಕಾಡಿನ ನೆತ್ತಿಯ ಮೇಲಿಂದ ಕಣ್ಣು ಹಾಯುವಷ್ಟು ದೂರ ನೋಡಬಹುದು. ಮತ್ತೆ ಮತ್ತೆ ಬೀಳುವ ಬೆಂಕಿ, ಪ್ರತಿ ಸಲ ಬುಡದಿಂದ ಹೊಸ ಚಿಗುರು, ಹೀಗೆ ತಲೆಮಾರುಗಳು ಕಳೆದು ಇಲ್ಲಿನ ಮರಗಳೇ ಕುಬ್ಜವಾಗಿವೆ.

ಮರದ ಕೆಳಗೆ ಇರುವವರು

ಫೋಟೊದಲ್ಲಿ ಮರ ಮಾತ್ರ ಕಾಣುತ್ತದೆ. ನಿಜವಾದ ವೈವಿಧ್ಯ ಇರುವುದು ಮೊಣಕಾಲಿನ ಮಟ್ಟದಲ್ಲಿ.

ಹಕ್ಕಲ್‌ಬೆರಿ, ಕಾಡು ಬ್ಲೂಬೆರಿ, ಪೊದೆಯಂತೆ ಬೆಳೆಯುವ ಕುಳ್ಳ ಓಕ್‌ಗಳು ಪೈನ್ ಕೆಳಗೆ ದಟ್ಟವಾಗಿ ಹಬ್ಬಿರುತ್ತವೆ. ಈ ಬೆರಿ ಗಿಡಗಳ ದೊಡ್ಡ ಭಾಗ ನೆಲದಡಿ ಕಾಂಡಗಳ ಜಾಲವಾಗಿ ಇರುತ್ತದೆ. ಮೇಲಿನದೆಲ್ಲ ಉರಿದುಹೋದರೂ ಕೆಲವೇ ವಾರಗಳಲ್ಲಿ ಕೆಂಪು ಚಿಗುರು ಬರುತ್ತದೆ. ಟರ್ಕಿಬಿಯರ್ಡ್ ಎಂಬ ಹುಲ್ಲಿನಂಥ ಗಿಡ ನೆರಳಿನಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು, ಬೆಂಕಿಯಿಂದ ಬಿಸಿಲು ಬಿದ್ದ ಮೇಲೆ ಬಿಳಿ ಹೂಗೊಂಚಲನ್ನು ಧಾರಾಳವಾಗಿ ಎತ್ತುತ್ತದೆ. ಬ್ರೂಮ್ ಕ್ರೌಬೆರಿಯ ದಾರಿ ಬೇರೆ. ಆ ಪೊದೆ ಬೆಂಕಿಗೆ ಸಾಯುತ್ತದೆ, ಚಿಗುರುವುದಿಲ್ಲ. ಆದರೆ ಅದರ ಬೀಜಗಳು ಮೊದಲೇ ಮಣ್ಣಿನಲ್ಲಿ ಕಾಯುತ್ತಿರುತ್ತವೆ, ಆ ಬೀಜಗಳನ್ನು ಹೊತ್ತು ಹೂಳುವ ಕೆಲಸ ಮಾಡಿರುವುದು ಇರುವೆಗಳು. ಒಂದೇ ಬೆಂಕಿಯನ್ನು ಎದುರಿಸಲು ಒಂದೊಂದು ಗಿಡದ್ದು ಒಂದೊಂದು ಉಪಾಯ.

ಸ್ವಲ್ಪ ತಗ್ಗಿಗೆ ಇಳಿದರೆ ಜೌಗು ನೆಲ. ಅಲ್ಲಿ ನೀರಿದೆ, ಆದರೆ ಸಾರಜನಕದ ಬರ. ಹಾಗಾಗಿ ಕೀಟ ಹಿಡಿದು ತಿನ್ನುವ ಹೂಜಿ ಗಿಡ, ಅಂಟು ಹನಿಗಳ ಸನ್‌ಡ್ಯೂ ಗಿಡಗಳು ಇಲ್ಲಿ ಬೆಳೆಯುತ್ತವೆ. ಡ್ರೊಸೆರಾ ಎಂಬ ಇದೇ ಸನ್‌ಡ್ಯೂ ಕುಲದ ಬೇರೆ ಜಾತಿಗಳು ನಮ್ಮ ಕರಾವಳಿಯ ಮುರಕಲ್ಲಿನ ಬಯಲುಗಳಲ್ಲೂ ಇವೆ. ಮಳೆಗಾಲದ ಕೊನೆಗೆ ಬಗ್ಗಿ ನೋಡಿದರೆ ಸಿಗುತ್ತವೆ. ಬಡ ಮಣ್ಣಿಗೆ ಎರಡು ಖಂಡಗಳಲ್ಲೂ ಒಂದೇ ಪರಿಹಾರ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಇಂದು ಬೆಂಗಳೂರಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ದುಬಾರಿ ಬೆಲೆಗೆ ಸಿಗುವ ಬ್ಲೂಬೆರಿ ಇದೆಯಲ್ಲ, ಅದನ್ನು ತೋಟದ ಬೆಳೆಯಾಗಿ ಪಳಗಿಸಿದ್ದು ಈ 'ಬಂಜರು' ನೆಲದಲ್ಲೇ. ವೈಟ್ಸ್‌ಬಾಗ್ ಎಂಬ ಊರಿನ ಎಲಿಜಬೆತ್ ವೈಟ್, ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ಜೊತೆ ಸೇರಿ, ಕಾಡಿನಲ್ಲಿ ದಪ್ಪ ಹಣ್ಣು ಬಿಡುವ ಗಿಡಗಳನ್ನು ಸ್ಥಳೀಯರಿಂದ ಹುಡುಕಿಸಿ ತರಿಸಿದರು. ಬ್ಲೂಬೆರಿಗೆ ಬೇಕಾದದ್ದು ಫಲವತ್ತಾದ ಮಣ್ಣಲ್ಲ, ಹುಳಿ ಮಣ್ಣು ಎಂಬುದನ್ನು ಕೋವಿಲ್ ಕಂಡುಕೊಂಡಿದ್ದರು. 1916ರಲ್ಲಿ ಅವರ ಮೊದಲ ಫಸಲು ಮಾರುಕಟ್ಟೆಗೆ ಹೋಯಿತು.

ಪ್ರಾಣಿಗಳೆಲ್ಲ ಸುಟ್ಟುಹೋಗುತ್ತವೆಯೇ?

ಸಾಯುವ ಪ್ರಾಣಿಗಳಿವೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನಿಧಾನ ನಡೆಯುವ ಪೆಟ್ಟಿಗೆ ಆಮೆ, ಗೂಡಿನಲ್ಲಿರುವ ಮರಿಹಕ್ಕಿ ಬೆಂಕಿಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಜಿಂಕೆ, ದೊಡ್ಡ ಹಕ್ಕಿಗಳು ಸಾಮಾನ್ಯವಾಗಿ ದೂರ ಹೋಗುತ್ತವೆ. ನೆಲದೊಳಗೆ ಇರುವವಕ್ಕೆ ಮರಳು ಒಳ್ಳೆಯ ರಕ್ಷಣೆ. ಮೇಲೆ ಬೆಂಕಿ ವೇಗವಾಗಿ ದಾಟಿಹೋದರೆ ಒಂದು ಗೇಣು ಕೆಳಗೆ ಶಾಖ ಹೆಚ್ಚು ಇಳಿಯುವುದಿಲ್ಲ. ಇಲ್ಲಿನ ಪೈನ್ ಹಾವು ಮರಳಿನಲ್ಲಿ ತಾನೇ ಬಿಲ ತೋಡಿಕೊಳ್ಳುತ್ತದೆ, ಚಳಿಗಾಲವಿಡೀ ಅದರೊಳಗೇ ಮಲಗಿರುತ್ತದೆ.

ಹಾಗಾದರೆ ಬೆಂಕಿ ಒಳ್ಳೆಯದು ಎನ್ನುವುದು ನಿಜವೇ?

ಇಷ್ಟು ಓದಿದವರಿಗೆ ಎರಡನೇ ಫಾರ್ವರ್ಡ್ ಸರಿ ಎನಿಸತೊಡಗಿರಬಹುದು. ಅದಕ್ಕೇ ಇದೇ ಕಾಡಿನ ಇನ್ನೊಂದು ಮರವನ್ನು ನೋಡಬೇಕು.

ಜೌಗು ನೆಲಗಳಲ್ಲಿ ಅಟ್ಲಾಂಟಿಕ್ ಬಿಳಿ ಸೀಡರ್ ಬೆಳೆಯುತ್ತದೆ. ಪಿಚ್ ಪೈನ್ ನಿಂತಿರುವ ದಿಬ್ಬದಿಂದ ಕೆಲವೊಮ್ಮೆ ನೂರಿನ್ನೂರು ಹೆಜ್ಜೆ ದೂರ, ಅಷ್ಟೇ. ಸೀಡರ್‌ನ ತೊಗಟೆ ತೆಳು. ಅದಕ್ಕೆ ಕಾಂಡದಲ್ಲಿ ಮಲಗಿದ ಮೊಗ್ಗುಗಳಿಲ್ಲ, ಬುಡದಿಂದ ಚಿಗುರುವ ಶಕ್ತಿಯಿಲ್ಲ. ಬೆಂಕಿ ಒಳನುಗ್ಗಿದರೆ ಸತ್ತಿತು. ನೆಲ ಒದ್ದೆಯಾಗಿದ್ದರೆ ಮಣ್ಣಿನ ಬೀಜಗಳಿಂದ ಹೊಸ ಸೀಡರ್ ತೋಪು ಏಳುವ ಸಾಧ್ಯತೆ ಉಂಟು. ಬರಗಾಲದಲ್ಲಿ ಜೌಗೂ ಒಣಗಿದ್ದರೆ ಬೀಜದ ಜೊತೆ ಕೊಳೆತ ಎಲೆ-ಬೇರಿನ ಮಣ್ಣೇ ಉರಿದುಹೋಗುತ್ತದೆ. ಆಮೇಲೆ ಅಲ್ಲಿ ಬೇರೆ ಮರಗಳು ಬರುತ್ತವೆ, ಸೀಡರ್ ಬರುವುದಿಲ್ಲ. ಒಂದೇ ಬೆಂಕಿ, ಒಂದೇ ದಿನ. ದಿಬ್ಬದ ಮೇಲಿನ ಮರ ಮೂರು ತಿಂಗಳಲ್ಲಿ ಚಿಗುರಿತು, ತಗ್ಗಿನ ತೋಪು ಹೋಯಿತು. ಅಮೆರಿಕದ ಒಂದೇ ಕಾಡಿನ ಎರಡು ಮೂಲೆಗೆ ಅನ್ವಯಿಸದ ಮಾತನ್ನು ಸಹ್ಯಾದ್ರಿಗೆ ಅನ್ವಯಿಸಿ ಫಾರ್ವರ್ಡ್ ಮಾಡುತ್ತಾರಲ್ಲ ಎಂದು ನಮಗೆ ಬೇಸರವಾಗುವುದು ಇಲ್ಲಿಯೇ.

ಇನ್ನು ಮನುಷ್ಯರ ಮಾತು. 1963ರ ಏಪ್ರಿಲ್‌ನ ಒಂದು ಶನಿವಾರ, ಒಣ ಹವೆ ಮತ್ತು ಜೋರು ಗಾಳಿಯ ನಡುವೆ ನ್ಯೂಜೆರ್ಸಿಯ ಈ ಕಾಡಿನ ಹಲವು ಕಡೆ ಬೆಂಕಿ ಎದ್ದಿತು. ಆ ವಾರಾಂತ್ಯದಲ್ಲಿ ಸುಮಾರು 1,83,000 ಎಕರೆ ಸುಟ್ಟಿತು. 7 ಜನ ಸತ್ತರು, ನೂರಾರು ಮನೆ ಮತ್ತು ಕಟ್ಟಡಗಳು ನಾಶವಾದವು. ಪಿಚ್ ಪೈನ್‌ಗಳು ಚಿಗುರಿದವು, ನಿಜ. ಸತ್ತವರ ಮನೆಯವರಿಗೆ ಆ ಮಾತಿನಿಂದ ಯಾವ ಸಮಾಧಾನವೂ ಇಲ್ಲ. ಈ ಕಾಡಿನೊಳಗೆ ಜನ ವಾಸವಾಗಿದ್ದಾರೆ ಎಂದು ಮೊದಲೇ ಹೇಳಿದೆವಲ್ಲ, 1963ರ ನಂತರ ಮನೆಗಳು ಇನ್ನೂ ಹೆಚ್ಚಿವೆ. 2025ರ ಏಪ್ರಿಲ್ 22ರಂದು ಶುರುವಾದ ಬೆಂಕಿ 15,000 ಎಕರೆಗೂ ಹೆಚ್ಚು ಸುಟ್ಟಿತು, ಸಾವಿರಾರು ಜನ ಮನೆ ಬಿಟ್ಟು ಹೊರಡಬೇಕಾಯಿತು, ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಎಂಬ ಮುಖ್ಯ ಹೆದ್ದಾರಿಯನ್ನು ಸ್ವಲ್ಪ ಕಾಲ ಮುಚ್ಚಿದರು.

ಎರಡೂ ಏಪ್ರಿಲ್‌ನಲ್ಲೇ ನಡೆದದ್ದು ಕಾಕತಾಳೀಯವಲ್ಲ. ಅಲ್ಲಿ ಬೆಂಕಿಯ ಕಾಲ ಸುಡು ಬೇಸಿಗೆಯಲ್ಲ, ವಸಂತ. ಚಳಿಗಾಲ ಮುಗಿದಿರುತ್ತದೆ, ಓಕ್‌ಗಳಲ್ಲಿ ಇನ್ನೂ ಎಲೆ ಬಂದಿರುವುದಿಲ್ಲ, ಬಿಸಿಲು ನೇರವಾಗಿ ನೆಲದ ತರಗೆಲೆಯ ಮೇಲೆ ಬೀಳುತ್ತದೆ, ಗಾಳಿ ಒಣಗಿರುತ್ತದೆ. ಆಗ ಒಂದು ಕಿಡಿ ಸಾಕು.

ಆ ಕಿಡಿ ಎಲ್ಲಿಂದ ಬರುತ್ತದೆ?

ಬಿದಿರು ಬಿದಿರು ಉಜ್ಜಿ ಕಾಡ್ಗಿಚ್ಚು ಏಳುತ್ತದೆ ಎಂದು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿ ಬೆಳೆದವರು. ಅದೇ ಧಾಟಿಯಲ್ಲಿ ಪೈನ್ ಕಾಡು ತನ್ನಷ್ಟಕ್ಕೇ ಹತ್ತಿಕೊಳ್ಳುತ್ತದೆ ಎಂದೂ ಹೇಳುವುದುಂಟು. ನ್ಯೂಜೆರ್ಸಿಯ ಅಧಿಕಾರಿಗಳ ಪ್ರಕಾರ ಅಲ್ಲಿನ ಬಹುತೇಕ ಎಲ್ಲ ಕಾಡ್ಗಿಚ್ಚಿಗೂ ಮನುಷ್ಯನೇ ಕಾರಣ, ಕೆಲವು ಬೇಕೆಂದೇ ಹಚ್ಚಿದ್ದು, ಕೆಲವು ಅಜಾಗರೂಕತೆಯಿಂದ ಆದದ್ದು. ಸಿಡಿಲಿನಿಂದಾಗುವುದು ಕಡಿಮೆ, ಏಕೆಂದರೆ ಸಿಡಿಲಿನ ಹಿಂದೆಯೇ ಸಾಮಾನ್ಯವಾಗಿ ಮಳೆ ಇರುತ್ತದೆ. 2007ರಲ್ಲಿ ವಾಯುಪಡೆಯ ಎಫ್-16 ವಿಮಾನವೊಂದು ತರಬೇತಿಯ ವೇಳೆ ಬಿಟ್ಟ ಉರಿಗೋಳದಿಂದ ಬೆಂಕಿ ಹತ್ತಿ ಸುಮಾರು 17,000 ಎಕರೆ ಸುಟ್ಟಿತು. 2022ರಲ್ಲಿ ವಾರ್ಟನ್ ಸ್ಟೇಟ್ ಫಾರೆಸ್ಟ್‌ನಲ್ಲಿ 13,000 ಎಕರೆಗೂ ಹೆಚ್ಚು ಸುಟ್ಟಾಗ, ಅಕ್ರಮವಾಗಿ ಹಾಕಿದ್ದ ಕ್ಯಾಂಪ್‌ಫೈರ್ ಕಾರಣವಿರಬೇಕೆಂದು ಅಧಿಕಾರಿಗಳು ಹೇಳಿದರು.

ಸರ್ಕಾರವೇ ಬೆಂಕಿ ಹಚ್ಚುತ್ತದೆ ಎನ್ನುವುದು ಸುಳ್ಳೇ?

ಸುಳ್ಳಲ್ಲ. ಅಲ್ಲಿನ ಅರಣ್ಯ ಅಗ್ನಿಶಾಮಕ ಸೇವೆ ಪ್ರತಿ ವರ್ಷ ಸಾವಿರಾರು ಎಕರೆಗೆ ಯೋಜಿತ ಬೆಂಕಿ ಹಾಕುತ್ತದೆ. ಫಾರ್ವರ್ಡ್ ಹೇಳದೆ ಬಿಟ್ಟಿರುವುದು ಹೇಗೆ ಹಾಕುತ್ತದೆ ಎಂಬುದನ್ನು.

ಹಾಕುವುದು ಹೆಚ್ಚಾಗಿ ಚಳಿಗಾಲದಲ್ಲಿ. ಆಗ ನೆಲದ ಅಡಿಭಾಗ ತೇವವಾಗಿರುತ್ತದೆ, ಮೇಲಿನ ಒಣ ತರಗು ಮಾತ್ರ ಉರಿಯುತ್ತದೆ. ಹಾವು-ಆಮೆಗಳು ನೆಲದಡಿ ನಿದ್ದೆಯಲ್ಲಿರುತ್ತವೆ, ಹಕ್ಕಿಗಳ ಗೂಡಿನ ಕಾಲವಲ್ಲ. ಗಾಳಿಯ ದಿಕ್ಕು, ವೇಗ, ತೇವಾಂಶ ಎಲ್ಲ ಲೆಕ್ಕ ಹಾಕಿ ದಿನ ಗೊತ್ತುಮಾಡುತ್ತಾರೆ, ಲೆಕ್ಕ ಕೂಡದಿದ್ದರೆ ಅಂದು ಹಚ್ಚುವುದಿಲ್ಲ. ಸುಡಬೇಕಾದ ತುಂಡಿನ ಸುತ್ತ ಮೊದಲೇ ಬೆಂಕಿ ಗೆರೆ ಮಾಡಿರುತ್ತಾರೆ. ಜ್ವಾಲೆ ಮೊಣಕಾಲೆತ್ತರದಲ್ಲಿ ಸಾಗುತ್ತದೆ. ಉದ್ದೇಶ ನೇರವಾದದ್ದು: ಏಪ್ರಿಲ್‌ನಲ್ಲಿ ಅಡೆತಡೆಯಿಲ್ಲದೆ ಉರಿಯಬಹುದಾದ ಸರಕನ್ನು ಜನವರಿಯಲ್ಲೇ ಸ್ವಲ್ಪ ಸ್ವಲ್ಪವಾಗಿ ಖಾಲಿ ಮಾಡುವುದು. ಬೆಂಕಿಯನ್ನು ಪೂರ್ತಿ ತಡೆದರೆ ತರಗು ಕೂಡುತ್ತ ಹೋಗುತ್ತದೆ. ಜೊತೆಗೆ ಓಕ್ ಮರಗಳು ಎತ್ತರವಾಗಿ ನೆರಳು ಮಾಡುತ್ತವೆ, ಆ ನೆರಳಿನಲ್ಲಿ ಪೈನ್ ಸಸಿ ಏಳುವುದಿಲ್ಲ, ನಿಧಾನವಾಗಿ ಕಾಡಿನ ಜಾತಿಯೇ ಬದಲಾಗುತ್ತದೆ. 2018ರಲ್ಲಿ ನ್ಯೂಜೆರ್ಸಿ ಇದಕ್ಕೆಂದೇ ಪ್ರತ್ಯೇಕ ಕಾನೂನನ್ನೂ ಮಾಡಿತು. ಇದನ್ನು ಯಾರೋ ಬೀಡಿ ಸೇದಿ ಎಸೆದದ್ದಕ್ಕೋ, ದ್ವೇಷಕ್ಕೆ ಹಚ್ಚಿದ್ದಕ್ಕೋ ಹೋಲಿಸುವುದೆಂದರೆ ಆಪರೇಷನ್ ಥಿಯೇಟರಿನ ಕತ್ತಿಯನ್ನು ಬೀದಿ ಜಗಳದ ಕತ್ತಿಗೆ ಹೋಲಿಸಿದಂತೆ.

ನಮ್ಮ ಕಾಡುಗಳಿಗೆ ಇದು ಅನ್ವಯಿಸುತ್ತದೆಯೇ?

ನೇರವಾಗಿ ಅನ್ವಯಿಸುವುದಿಲ್ಲ. ಕುದುರೆಮುಖದ ಕಣಿವೆಗಳ ಶೋಲಾ ಕಾಡು, ಆಗುಂಬೆಯ ನಿತ್ಯಹರಿದ್ವರ್ಣ ಕಾಡು ಬೆಂಕಿಯ ಜೊತೆ ಬೆಳೆದವಲ್ಲ. ಅಲ್ಲಿನ ಮರಗಳು ಈ ಲೆಕ್ಕದಲ್ಲಿ ಪಿಚ್ ಪೈನ್‌ಗಿಂತ ಬಿಳಿ ಸೀಡರ್‌ಗೆ ಹತ್ತಿರ. ಬಂಡೀಪುರದಂಥ ಎಲೆ ಉದುರುವ ಒಣ ಕಾಡು ನಡುವಿನ ಸ್ಥಿತಿಯಲ್ಲಿದೆ. ಅಲ್ಲಿ ದಪ್ಪ ತೊಗಟೆಯ, ಬುಡದಿಂದ ಚಿಗುರುವ ಮರಗಳಿವೆ, ಸಣ್ಣ ಬೆಂಕಿಯನ್ನು ತಡೆದುಕೊಳ್ಳುತ್ತವೆ. ಆದರೆ ಪ್ರತಿ ವರ್ಷ ಬೆಂಕಿ ಬಿದ್ದರೆ ಸಸಿಗಳು ಮರವಾಗಲು ಸಮಯವೇ ಸಿಗುವುದಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಬೇಸಿಗೆ ಏರುವ ಮುನ್ನವೇ ನೆಲದ ಎಲೆಗಳಿಗೆ ಹಾಕುವ ಹಗುರ ಬೆಂಕಿಯನ್ನು ಅವರು ತರಗು ಬೆಂಕಿ ಎನ್ನುತ್ತಾರೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಅದು ನಿಂತದ್ದರಿಂದಲೇ ಲಂಟಾನಾ ಹೀಗೆ ಹಬ್ಬಿತು ಎಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ, ಸಂಶೋಧಕರೂ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದಾರೆ. ಈಗಿನ ತೊಡಕೆಂದರೆ ಲಂಟಾನಾ ಆಳೆತ್ತರಕ್ಕೆ ಬೆಳೆದಿರುವ ಕಡೆ ಹಳೆಯ ತರಗು ಬೆಂಕಿ ಹಗುರವಾಗಿ ಉಳಿಯುವುದಿಲ್ಲ, ಜ್ವಾಲೆ ಪೊದೆ ಹತ್ತಿ ಮರದ ನೆತ್ತಿಗೆ ಏರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 10,000 ಎಕರೆಗೂ ಹೆಚ್ಚು ಸುಟ್ಟಿದೆ ಎಂದು ಉಪಗ್ರಹ ಚಿತ್ರಗಳು ತೋರಿಸಿದಾಗ, ಬರ ಮತ್ತು ಗಾಳಿಯ ಜೊತೆ ಒಣಗಿ ನಿಂತಿದ್ದ ಲಂಟಾನಾದ ಹೆಸರೂ ಬಂದಿತ್ತು. ಆಗ ಬೇರೆ ದೇಶಗಳ ಬೆಂಕಿಯಲ್ಲಿ ಸಿಕ್ಕ ಪ್ರಾಣಿಗಳ ಫೋಟೊಗಳು ಬಂಡೀಪುರದ್ದೆಂದು ಹರಿದಾಡಿದ್ದೂ ಹಲವರಿಗೆ ನೆನಪಿರಬಹುದು.

ಮುಂದಿನ ಸಲ ಫೋಟೊ ಬಂದಾಗ

ಮೊದಲು ಮರ ಯಾವುದು ನೋಡಿ. ಸೂಜಿ ಎಲೆಯ ಪೈನ್ ಮರಗಳೇ ತುಂಬಿದ್ದು, ಕೆಳಗೆ "ಬಂಡೀಪುರ" ಅಥವಾ "ನಾಗರಹೊಳೆ" ಎಂದು ಬರೆದಿದ್ದರೆ ಆ ಫೋಟೊ ನಮ್ಮದಲ್ಲ, ಅಲ್ಲಿ ಪೈನ್ ಕಾಡುಗಳಿಲ್ಲ. ಮರದ ಮೇಲೆ ಸೂಜಿಗಳು ಉಳಿದಿದ್ದು ಕಂದು ಬಣ್ಣವಾಗಿದ್ದರೆ ಜ್ವಾಲೆ ನೆತ್ತಿಯವರೆಗೆ ಹೋಗಿಲ್ಲ, ಕೆಳಗಿನ ಶಾಖಕ್ಕೆ ಬಾಡಿದೆ ಎಂದರ್ಥ. ಸೂಜಿಯೇ ಇಲ್ಲದೆ ಬರೀ ಕರಿ ಕೊಂಬೆ ನಿಂತಿದ್ದರೆ ಬೆಂಕಿ ಜೋರಾಗಿತ್ತು. ಆಗಲೂ ಅದು ಪಿಚ್ ಪೈನ್ ಆಗಿದ್ದರೆ ಸತ್ತಿದೆಯೋ ಬದುಕಿದೆಯೋ ಎಂದು ಹೇಳಲು ಮುಂದಿನ ಬೇಸಿಗೆಯ ಫೋಟೊ ಬೇಕು.

ನ್ಯೂಜೆರ್ಸಿಯಲ್ಲಿರುವ ನಮ್ಮ ಓದುಗರಿಗೆ ಇನ್ನೊಂದು ಮಾತು. ವಾರಾಂತ್ಯಕ್ಕೆ ಈ ಕಾಡಿನಲ್ಲಿ ಕ್ಯಾಂಪಿಂಗ್ ಹೊರಡುವ ಮುನ್ನ ಅರಣ್ಯ ಅಗ್ನಿಶಾಮಕ ಸೇವೆಯ ವೆಬ್‌ಸೈಟ್‌ನಲ್ಲಿ ಅಂದಿನ ನಿರ್ಬಂಧ ಯಾವ ಹಂತದಲ್ಲಿದೆ ನೋಡಿಕೊಳ್ಳಿ. 3ನೇ ಹಂತ ಜಾರಿಯಲ್ಲಿದ್ದರೆ ಕಟ್ಟಿಗೆ, ಇದ್ದಿಲು ಎರಡೂ ಇಲ್ಲ. ಜೋಳ ಸುಡುವ ಆಸೆಯಿದ್ದರೂ ನೆಲದಿಂದ ಎತ್ತರದಲ್ಲಿಟ್ಟ ಗ್ಯಾಸ್ ಅಥವಾ ವಿದ್ಯುತ್ ಒಲೆಗೆ ಮಾತ್ರ ಅನುಮತಿ. ಬೆಂಕಿ ಹಾಕಲು ಅವಕಾಶವಿರುವ ದಿನ ಹಾಕಿದರೆ ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ನೀರು ಸುರಿಯಿರಿ. ಮೇಲೆ ಮರಳು ಮುಚ್ಚಿ ಹೊರಟುಬಿಡಬೇಡಿ. ಮರಳಿನ ಕೆಳಗೆ ಒಣ ಬೇರು ಮತ್ತು ತರಗಿನಲ್ಲಿ ಕೆಂಡ ಗಂಟೆಗಟ್ಟಲೆ ಉಳಿಯುತ್ತದೆ, ನೀವು ಮನೆ ಮುಟ್ಟಿದ ಮೇಲೆ ಗಾಳಿ ಬೀಸಬಹುದು.